ಕವಿತೆಯಲ್ಲಿ ಅಲಂಕಾರ ಗುರುತಿಸುವುದು ಹೇಗೆ? ಎಂಟು ಸಾಲಿನ ಪದ್ಯವೊಂದನ್ನು ಬಿಚ್ಚಿ ನೋಡುತ್ತ

ಉಪಮೆ, ರೂಪಕ, ಉತ್ಪ್ರೇಕ್ಷೆ, ಶ್ಲೇಷೆ. ಹೆಸರು ಹೇಳಿದರೆ ಲಕ್ಷಣ ಒಪ್ಪಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಸ ಕವಿತೆಯೊಂದನ್ನು ಮುಂದಿಟ್ಟು ‘ಇದರಲ್ಲಿ ಏನೇನಿದೆ?’ ಎಂದರೆ ಮಾತ್ರ ತಡವರಿಸುತ್ತಾರೆ. ತರಗತಿಯಲ್ಲಿ ಕಲಿತದ್ದು ಹೆಸರಿನಿಂದ ಉದಾಹರಣೆಗೆ ಹೋಗುವ ದಾರಿ. ಓದುಗನಿಗೆ ಬೇಕಾಗುವುದು ಸಾಲಿನಿಂದ ಹೆಸರಿಗೆ ಬರುವ ದಾರಿ. ಈ ಲೇಖನ ಹಿಡಿಯುವುದು ಎರಡನೆಯದನ್ನು.

ಹೊರಡುವ ಮುಂಚೆ ಒಂದು ಪರೀಕ್ಷೆಯನ್ನು ಜೊತೆಗಿಟ್ಟುಕೊಳ್ಳಿ. ಅಲಂಕಾರ ಇದೆ ಅನಿಸಿದ ಕಡೆ ಆ ಮಾತನ್ನು ತೆಗೆದು, ಅದರ ಜಾಗದಲ್ಲಿ ಸಾದಾ ಮಾತೊಂದನ್ನು ಕೂರಿಸಿ. ಪದ್ಯ ಏನಾದರೂ ಕಳೆದುಕೊಂಡಿತೇ? ಕಳೆದುಕೊಂಡದ್ದು ಏನು? ಇದಕ್ಕೆ ಉತ್ತರ ಸಿಕ್ಕರೆ ಹೆಸರು ಮರೆತುಹೋದರೂ ಚಿಂತೆಯಿಲ್ಲ. ಹೆಸರಷ್ಟೇ ಸಿಕ್ಕಿ ಉತ್ತರ ಸಿಗದಿದ್ದರೆ ಕವಿತೆಯನ್ನು ಇನ್ನೂ ಓದಿಲ್ಲವೆಂದೇ ಲೆಕ್ಕ.

ಅಭ್ಯಾಸಕ್ಕೆಂದೇ ಕಟ್ಟಿದ ಪದ್ಯ ಇಲ್ಲಿದೆ. ಶೀರ್ಷಿಕೆಯನ್ನು ಬೇಕೆಂದೇ ಕೊಟ್ಟಿಲ್ಲ.

ಹಗ್ಗ ಉಜ್ಜಿದ ಕಲ್ಲಿನಂಚಲಿ
ನೂರು ಕೈಗಳ ನೆನಪಿದೆ;
ನೀರ ಕಣ್ಣದು ಬತ್ತಿಹೋದರು
ಊರ ದಾರಿಯ ಕಾದಿದೆ.
ದಣಿದ ಹಕ್ಕಿಗಳಂತೆ ತರಗೆಲೆ
ತಳಕೆ ಇಳಿದಿವೆ ಮೆಲ್ಲಗೆ;
ಯಾರೊ ಎಸೆದರು ಸಣ್ಣ ಕಲ್ಲನು,
ಬಿದ್ದ ಸದ್ದನೆ ಕುಡಿದಿದೆ.

ಹಂತ 1: ಗಟ್ಟಿಯಾಗಿ ಓದಿ

ಪೆನ್ಸಿಲ್ ಬದಿಗಿರಲಿ. ಎರಡು ಸಲ ದನಿ ತೆಗೆದು ಓದಿ. ಮೊದಲ ಸಲ ನಿಧಾನವಾಗಿ, ಎರಡನೆಯ ಸಲ ಪದ್ಯ ಎಳೆದ ವೇಗದಲ್ಲಿ. ನಾಲಗೆ ಎಲ್ಲಿ ತಡೆಯಿತು, ಎಲ್ಲಿ ಜಾರಿತು ಎಂಬುದನ್ನು ಗಮನಿಸಿದರೆ ಸಾಕು. ಮೌನವಾಗಿ ಓದುವವರಿಗೆ ಅರ್ಧದಷ್ಟು ಅಲಂಕಾರಗಳು ಸಿಗುವುದೇ ಇಲ್ಲ, ಏಕೆಂದರೆ ಅವು ಕಿವಿಗೆಂದು ಇಟ್ಟವು.

ಹಂತ 2: ಗದ್ಯ ಮಾಡಿ

ಹಿಂದಿನವರು ಇದನ್ನು ಅನ್ವಯ ಎನ್ನುತ್ತಿದ್ದರು. ಈಗ ಅದಕ್ಕೆ ಹಳೆಯ ಪದ್ಧತಿ ಎಂಬ ಹೆಸರು ಬಂದಿದೆ, ಆದರೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಪದ್ಯದ ಪದಗಳನ್ನು ಮಾತಿನ ಕ್ರಮಕ್ಕೆ ತಂದು ಬರೆಯಿರಿ:

ಹಗ್ಗ ಉಜ್ಜಿದ ಕಲ್ಲಿನ ಅಂಚಿನಲ್ಲಿ ನೂರು ಕೈಗಳ ನೆನಪು ಇದೆ. ನೀರಿನ ಕಣ್ಣು ಬತ್ತಿಹೋದರೂ ಅದು ಊರ ದಾರಿಯನ್ನು ಕಾದಿದೆ. ತರಗೆಲೆಗಳು ದಣಿದ ಹಕ್ಕಿಗಳಂತೆ ಮೆಲ್ಲಗೆ ತಳಕ್ಕೆ ಇಳಿದಿವೆ. ಯಾರೋ ಸಣ್ಣ ಕಲ್ಲನ್ನು ಎಸೆದರು. ಅದು ಬಿದ್ದ ಸದ್ದನ್ನೇ ಕುಡಿದಿದೆ.

ಇಷ್ಟು ಬರೆಯುವುದರಲ್ಲೇ ಎರಡು ಲಾಭ. ಒಂದು, ಛಂದಸ್ಸಿಗಾಗಿ ಮೊಟಕಾದ ರೂಪಗಳು ತಿಳಿಯುತ್ತವೆ. ‘ಬತ್ತಿಹೋದರು’ ಎಂಬಲ್ಲಿ ಯಾರೋ ಹೋದರು ಎಂದಲ್ಲ, ‘ಹೋದರೂ’ ಎಂಬುದು ಹ್ರಸ್ವವಾಗಿದೆ. ‘ತಳಕೆ’ ಎಂದರೆ ತಳಕ್ಕೆ, ‘ಸದ್ದನೆ’ ಎಂದರೆ ಸದ್ದನ್ನೇ. ಇದನ್ನು ತಪ್ಪಾಗಿ ಓದಿಕೊಂಡು ಮುಂದೆ ಹೋದರೆ ಇಲ್ಲದ ವ್ಯಕ್ತಿಯೊಬ್ಬ ಪದ್ಯದೊಳಗೆ ಬಂದುಬಿಡುತ್ತಾನೆ. ಎರಡು, ಗದ್ಯ ಎಲ್ಲೆಲ್ಲಿ ಒಪ್ಪಿಕೊಳ್ಳದೆ ಮೊಂಡು ಹಿಡಿಯುತ್ತದೋ ಅಲ್ಲೆಲ್ಲ ಕವಿ ಏನೋ ಮಾಡಿದ್ದಾನೆ. ಕಲ್ಲಿಗೆ ನೆನಪು ಎಲ್ಲಿಂದ ಬರಬೇಕು? ನೀರಿಗೆಂಥ ಕಣ್ಣು? ಸದ್ದನ್ನು ಕುಡಿಯುವುದೆಂದರೇನು? ಆ ‘ಅದು’ ಯಾವುದು? ಹಗ್ಗ, ಕಲ್ಲಿನ ಅಂಚು, ನೀರು, ತಳ ಎಂದಾಗ ಬಾವಿ ಎಂದು ಗೊತ್ತಾಗುತ್ತದೆ, ಆದರೆ ಆ ಪದ ಪದ್ಯದಲ್ಲಿ ಎಲ್ಲೂ ಇಲ್ಲ.

ಈ ತೊಡಕುಗಳ ಕೆಳಗೆ ಗೆರೆ ಎಳೆಯಿರಿ. ಮುಂದಿನ ಕೆಲಸವೆಲ್ಲ ಅಲ್ಲೇ.

ಹಂತ 3: ಹೋಲಿಕೆ ಇದ್ದರೆ ನಾಲ್ಕು ಭಾಗ ಮಾಡಿ

ಕಣ್ಣಿಗೆ ಮೊದಲು ಬೀಳುವುದು ‘ಅಂತೆ’. ಉಪಮೆಗೆ ನಾಲ್ಕು ಅಂಗ: ಯಾವುದನ್ನು ವರ್ಣಿಸುತ್ತಿದ್ದೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡನ್ನೂ ಬೆಸೆಯುವ ಪದ ಉಪಮಾವಾಚಕ, ಎರಡರಲ್ಲೂ ಇರುವ ಗುಣ ಸಮಾನಧರ್ಮ. ನಮ್ಮ ಪದ್ಯದಲ್ಲಿ ತರಗೆಲೆ ಉಪಮೇಯ, ದಣಿದ ಹಕ್ಕಿಗಳು ಉಪಮಾನ, ‘ಅಂತೆ’ ವಾಚಕ, ಮೆಲ್ಲಗೆ ಇಳಿಯುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ಒಂದೋ ಎರಡೋ ಬಿಟ್ಟುಹೋಗಿದ್ದರೆ ಲುಪ್ತೋಪಮೆ.

ಪಾಠಪುಸ್ತಕ ಇಲ್ಲಿಗೆ ಮುಗಿಸುತ್ತದೆ. ನಾವು ಪರೀಕ್ಷೆ ಮಾಡೋಣ. ಆ ಸಾಲನ್ನು ‘ಹಳೆಯ ಕಾಗದದಂತೆ ತರಗೆಲೆ’ ಎಂದು ಬದಲಿಸಿ. ಮಾತ್ರೆ, ಅಂದರೆ ಅಕ್ಷರಗಳನ್ನು ಉಚ್ಚರಿಸುವ ಕಾಲದ ಅಳತೆ, ಅಷ್ಟೇ; ನಾಲ್ಕು ಅಂಗಗಳೂ ಇವೆ. ಕಾಗದವೂ ಮೆಲ್ಲಗೇ ಇಳಿಯುತ್ತದೆ, ನೋಡಲು ಎಲೆಗೆ ಹಕ್ಕಿಗಿಂತ ಅದೇ ಹತ್ತಿರ. ಲಕ್ಷಣದ ಪ್ರಕಾರ ಇದು ಇನ್ನೂ ‘ಸರಿಯಾದ’ ಉಪಮೆ. ಆದರೂ ಪದ್ಯ ಸತ್ತುಹೋಗುತ್ತದೆ. ಹಕ್ಕಿ ನೀರಿರುವಲ್ಲಿಗೆ ಇಳಿಯುವ ಜೀವಿ, ದಣಿದ ಹಕ್ಕಿಯಂತೂ ಕುಡಿಯಲೆಂದೇ ಇಳಿಯುತ್ತದೆ. ಇಲ್ಲಿ ಇಳಿದದ್ದು ಒಣ ಎಲೆ, ಇಳಿದ ಕಡೆ ನೀರಿಲ್ಲ. ಹಿಂದೆ ಬರುತ್ತಿದ್ದ ಹಕ್ಕಿಗಳು ಈಗ ಬರುವುದಿಲ್ಲ ಎಂಬುದನ್ನು ಹೇಳದೆಯೇ ಉಪಮಾನ ಹೇಳಿತು. ಒಳ್ಳೆಯ ಉಪಮೆಯ ಗುಟ್ಟು ಸಮಾನಧರ್ಮದಲ್ಲಿ ಇರುವುದು ಅಪರೂಪ. ಉಪಮಾನ ತನ್ನ ಜೊತೆಗೆ ಕದ್ದು ತರುವ ಸಾಮಾನಿನಲ್ಲಿ ಇರುತ್ತದೆ.

ವಾಚಕಗಳನ್ನು ಹುಡುಕುವಾಗ ಎಚ್ಚರ. ಅಂತೆ, ಹಾಗೆ, ವೊಲ್, ತೆರದಿ, ಸಮ ಇವು ಸಾಮಾನ್ಯವಾದವು. ಆದರೆ ‘ಮಳೆ ಬಂತಂತೆ’ ಎಂಬುದರಲ್ಲಿರುವ ‘ಅಂತೆ’ ಯಾರೋ ಹೇಳಿದ ಸುದ್ದಿಗೆ ಸೇರಿದ್ದು, ‘ಬರುವಂತೆ ಹೇಳು’ ಎಂಬಲ್ಲಿ ಅದು ಬೇರೆಯೇ ಕೆಲಸ ಮಾಡುತ್ತದೆ. ‘ಅಂತೆ’ ಕಂಡಲ್ಲೆಲ್ಲ ಉಪಮೆ ಎಂದು ಗುರುತು ಹಾಕುವುದು ಉತ್ತರಪತ್ರಿಕೆಗಳ ಮಾಮೂಲಿ ಎಡವಟ್ಟು.

ಇನ್ನು ಉಪಮೆಯ ನೆಂಟರು. ಒಂದೇ ವಸ್ತುವನ್ನಿಟ್ಟುಕೊಂಡು ಪಕ್ಕಪಕ್ಕ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಬಾವಿ ಬಾಯಿಯಂತೆ ತೆರೆದಿತ್ತು. ಇದು ಉಪಮೆ, ಎರಡು ಬೇರೆ ವಸ್ತುಗಳು, ನಡುವೆ ಹೋಲಿಕೆ.

ಭೂಮಿಯ ಈ ಕಲ್ಲುಬಾಯಿಗೆ ಮಳೆಯೇ ತುತ್ತು. ಇದು ರೂಪಕ; ಹೋಲಿಕೆಯ ಪದ ಹೋಯಿತು, ಎರಡೂ ಒಂದೇ ಆದವು. ‘ಎಂಬ’ ಮತ್ತು ‘ಏ’ ಪ್ರತ್ಯಯಗಳು ಕನ್ನಡ ರೂಪಕದ ಹಳೆಯ ಗುರುತುಗಳು. ಅವೆರಡೂ ಇಲ್ಲದೆಯೂ ರೂಪಕ ಬರುತ್ತದೆ, ಇಲ್ಲಿನ ‘ಕಲ್ಲುಬಾಯಿ’ಯ ಹಾಗೆ.

ಮಳೆಯನ್ನು ಬೇಡಲೆಂದೇ ಬಾವಿ ಬಾಯಿ ತೆರೆದಿದೆಯೋ ಎಂಬಂತಿತ್ತು. ಇದು ಉತ್ಪ್ರೇಕ್ಷೆ. ಬಾವಿ ತೆರೆದಿರುವುದು ನಿಜ, ಬೇಡಲೆಂದು ಎಂಬ ಕಾರಣ ಕವಿಯ ಕಲ್ಪನೆ.

ಇದು ಬಾವಿಯೋ, ನೆಲ ತೆರೆದ ಬಾಯಿಯೋ? ಇದು ಸಂದೇಹ.

ಬಾವಿಯ ತಳ ನೋಡಲು ಹೋದ ನೋಟ ಇನ್ನೂ ಹಿಂದಿರುಗಿಲ್ಲ. ಇದು ಅತಿಶಯೋಕ್ತಿ.

ಕೊನೆಯ ಎರಡನ್ನು ಯಾರೂ ಅದಲು ಬದಲು ಮಾಡುವುದಿಲ್ಲ. ಗೊಂದಲವಾಗುವುದು ಉತ್ಪ್ರೇಕ್ಷೆ ಮತ್ತು ಅತಿಶಯೋಕ್ತಿಯ ನಡುವೆ, ಅದಕ್ಕೆ ಆಡುಮಾತೇ ಹೊಣೆ. ‘ಸುಮ್ಮನೆ ಉತ್ಪ್ರೇಕ್ಷೆ ಮಾಡಬೇಡ’ ಎಂದಾಗ ನಾವು ಹೇಳುವುದು ಹಿಗ್ಗಿಸಿ ಹೇಳಬೇಡ ಎಂದು. ಕಾವ್ಯದ ಲೆಕ್ಕದಲ್ಲಿ ಹಿಗ್ಗಿಸುವುದು ಅತಿಶಯೋಕ್ತಿ. ಕಾರಣವನ್ನೋ ರೂಪವನ್ನೋ ಊಹಿಸಿ ಆರೋಪಿಸುವುದು ಉತ್ಪ್ರೇಕ್ಷೆ.

ದೃಷ್ಟಾಂತಕ್ಕೆ ಹೆಚ್ಚು ಹೊತ್ತು ಬೇಡ. ವಾಚಕವಿಲ್ಲದೆ ಎರಡು ಸ್ವತಂತ್ರ ವಾಕ್ಯಗಳು ಒಂದಕ್ಕೊಂದು ಬಿಂಬ ಪ್ರತಿಬಿಂಬವಾಗಿ ನಿಂತರೆ ಅದು ದೃಷ್ಟಾಂತ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ವಿಶೇಷ ಸಂಗತಿಯೊಂದನ್ನು ಸಾಮಾನ್ಯ ಮಾತಿನಿಂದ ಸಮರ್ಥಿಸಿದರೆ ಅರ್ಥಾಂತರನ್ಯಾಸ. ಹಳಗನ್ನಡ, ನಡುಗನ್ನಡ ಓದುವಾಗ ಇವೆರಡೂ ಪದೇ ಪದೇ ಎದುರಾಗುತ್ತವೆ, ಹೊಸ ಕವಿತೆಯಲ್ಲಿ ವಿರಳ.

ಇಷ್ಟು ಹೆಸರು ಸಾಕೇ ಎಂಬ ಅನುಮಾನ ಬರಬಹುದು. ಭರತನ ನಾಟ್ಯಶಾಸ್ತ್ರದಲ್ಲಿ ಇದ್ದದ್ದು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದ ಹೊತ್ತಿಗೆ ಎಣಿಕೆ ನೂರು ದಾಟಿತ್ತು. ನೂರನ್ನೂ ಕಲಿಯುವ ಹುಮ್ಮಸ್ಸಿದ್ದವರನ್ನು ತಡೆಯುವುದಿಲ್ಲ; ಓದುಗನಿಗೆ ಹತ್ತು ಹನ್ನೆರಡು ಚೆನ್ನಾಗಿ ಗೊತ್ತಿದ್ದರೆ ಕೆಲಸ ನಡೆಯುತ್ತದೆ.

ಹಂತ 4: ತನ್ನ ಕೆಲಸ ಬಿಟ್ಟು ಬೇರೆ ಕೆಲಸ ಮಾಡುತ್ತಿರುವ ಪದ ಯಾವುದು?

ಹೋಲಿಕೆಯನ್ನು ಗುರುತಿಸುವುದು ಸುಲಭ, ಏಕೆಂದರೆ ಅದು ತಾನೇ ಮೈತೋರಿಸುತ್ತದೆ. ಒಂಟಿ ಪದದೊಳಗೆ ಅಡಗಿರುವುದನ್ನು ಹಿಡಿಯಲು ತಾಳ್ಮೆ ಬೇಕು. ಹಂತ 2ರಲ್ಲಿ ಗೆರೆ ಎಳೆದ ಪದಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ.

‘ನೂರು ಕೈಗಳ ನೆನಪಿದೆ.’ ನೀರು ಸೇದಿದ್ದು ಜನ. ಪದ್ಯ ಹೇಳುವುದು ಕೈ. ಭಾಗವನ್ನು ಹೇಳಿ ಇಡಿಯನ್ನು ಸೂಚಿಸುವ ಇಂಥ ಮಾತುಗಳಿಗೆ ಆಧಾರ ಲಕ್ಷಣೆ. ಪದದ ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಹೋಗುವುದು ಲಕ್ಷಣೆ. ಸಂಸ್ಕೃತದ ಆಲಂಕಾರಿಕರು ಇದಕ್ಕೆ ಕೊಡುವ ಉದಾಹರಣೆ ‘ಗಂಗೆಯಲ್ಲಿ ಹಳ್ಳಿ’. ಹೊಳೆಯೊಳಗೆ ಹಳ್ಳಿ ಇರಲಾರದು, ದಡದಲ್ಲಿ ಎಂದು ಅರ್ಥ ಮಾಡಿಕೊಳ್ಳಬೇಕು. ಈಗ ನಮ್ಮ ಪರೀಕ್ಷೆ: ‘ನೂರು ಜನಗಳ ನೆನಪಿದೆ’ ಎಂದು ಹಾಕಿ. ಛಂದಸ್ಸು ಕದಲುವುದಿಲ್ಲ, ಅರ್ಥವೂ ಇನ್ನಷ್ಟು ಸ್ಪಷ್ಟ. ಕಳೆದುಹೋದದ್ದು ಹಗ್ಗದ ಎಳೆತ. ಕಲ್ಲಿಗೆ ಪರಿಚಯವಿರುವುದು ಮುಖವಲ್ಲ, ಹೆಸರಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿದ್ದ ಬಲ ಮಾತ್ರ. ಕಲ್ಲಿನ ಅಂಚಿನಲ್ಲಿ ಹಗ್ಗ ಕೊರೆದ ಗೀರುಗಳೇ ಆ ನೆನಪು ಎಂಬುದು ‘ಕೈ’ ಇದ್ದಾಗ ಮಾತ್ರ ಕಾಣುತ್ತದೆ.

‘ನೀರ ಕಣ್ಣು.’ ಬಾವಿಯ ತಳದಲ್ಲಿ ಒರತೆ ಜಿನುಗುವ ಜಾಗವನ್ನು ಜಲದ ಕಣ್ಣು ಎನ್ನುತ್ತಾರೆ. ನೋಡುವ ಕಣ್ಣೂ ಕಣ್ಣೇ, ಅತ್ತು ಅತ್ತು ಬತ್ತುವುದೂ ಅದೇ. ಒಂದೇ ಪದ ಎರಡು ಅರ್ಥಗಳನ್ನು ಒಟ್ಟಿಗೆ ಹೊತ್ತು ನಿಂತರೆ ಶ್ಲೇಷೆ. ಶ್ಲೇಷೆ ಎಂದರೆ ನಗೆಹನಿಯ ಪದಚಮತ್ಕಾರ ಎಂದೇ ಹಲವರ ತಿಳಿವಳಿಕೆ. ದುಃಖದ ಜಾಗದಲ್ಲೂ ಅದು ಕೆಲಸ ಮಾಡುತ್ತದೆ. ‘ನೀರ ಸೆಲೆಯದು ಬತ್ತಿಹೋದರು’ ಎಂದು ಬದಲಿಸಿ ನೋಡಿ, ಮಾತ್ರೆ ಒಂದಿಷ್ಟೂ ಹೆಚ್ಚು ಕಡಿಮೆಯಾಗುವುದಿಲ್ಲ. ಆದರೆ ಮುಂದಿನ ಸಾಲಿನ ‘ಊರ ದಾರಿಯ ಕಾದಿದೆ’ ಎಂಬುದಕ್ಕೆ ಆಧಾರ ತಪ್ಪುತ್ತದೆ. ದಾರಿ ಕಾಯುವುದು ಕಣ್ಣಿನ ಕೆಲಸ, ಸೆಲೆಯ ಕೆಲಸವಲ್ಲ. ಕುರುಡಾದ ಮೇಲೂ ದಾರಿ ನೋಡುವ ಚಿತ್ರ ಆ ಎರಡು ಸಾಲುಗಳ ನಡುವಿನ ಶ್ಲೇಷೆಯಿಂದಲೇ ಹುಟ್ಟಿದ್ದು. ನನ್ನ ಮಟ್ಟಿಗೆ ಈ ಪದ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿರುವ ಪದ ಇದೇ.

ಶ್ಲೇಷೆ ಇದೆ ಎನ್ನಲು ಒಂದು ಷರತ್ತು: ಎರಡೂ ಅರ್ಥಗಳು ಆ ಸಾಲಿನಲ್ಲಿ ಹೊಂದಬೇಕು. ನಿಘಂಟಿನಲ್ಲಿ ಎರಡು ಅರ್ಥ ಇದ್ದ ಮಾತ್ರಕ್ಕೆ ಶ್ಲೇಷೆಯಾಗುವುದಿಲ್ಲ. ‘ಕಾದಿದೆ’ ಎಂಬುದಕ್ಕೆ ಬಿಸಿಯಾಗಿದೆ ಎಂಬ ಅರ್ಥವೂ ಉಂಟು, ಇಲ್ಲಿ ಅದನ್ನು ಎಳೆದು ತಂದರೆ ಪದ್ಯಕ್ಕೆ ಯಾವ ಉಪಕಾರವೂ ಇಲ್ಲ.

ಕಲ್ಲಿಗೆ ನೆನಪು, ಬಾವಿಗೆ ಕಾಯುವಿಕೆ, ಕುಡಿಯುವಿಕೆ. ಜಡಕ್ಕೆ ಜೀವದ ನಡವಳಿಕೆ ಕೊಡುವ ಈ ಕ್ರಮವನ್ನು ಇಂದಿನ ವಿಮರ್ಶೆ ಮಾನವೀಕರಣ ಎನ್ನುತ್ತದೆ. ಹಳೆಯ ಶಾಸ್ತ್ರದಲ್ಲಿ ಸಮಾಸೋಕ್ತಿ ಇದಕ್ಕೆ ಹತ್ತಿರ. ಗುರುತಿಸುವ ಉಪಾಯ ಕ್ರಿಯಾಪದಗಳನ್ನಷ್ಟೇ ಸಾಲಾಗಿ ಬರೆದುಕೊಳ್ಳುವುದು: ಉಜ್ಜಿದ, ಬತ್ತಿಹೋದ, ಕಾದಿದೆ, ಇಳಿದಿವೆ, ಎಸೆದರು, ಕುಡಿದಿದೆ. ಯಾವ ಕ್ರಿಯೆಯ ಕರ್ತೃ ಅದನ್ನು ಮಾಡಲಾರದೋ ಅಲ್ಲಿ ಮಾನವೀಕರಣ ಇದೆ. ವಿಶೇಷಣಗಳಿಗಿಂತ ಕ್ರಿಯಾಪದಗಳಲ್ಲಿ ಹುಡುಕಿದರೆ ಬೇಗ ಸಿಗುತ್ತದೆ.

ಹಂತ 5: ಸದ್ದುಗಳನ್ನು ಜೋಡಿಸಿ

ಈಗ ಅರ್ಥ ಮರೆತುಬಿಡಿ. ಮರಳಿ ಬರುವ ಅಕ್ಷರಗಳನ್ನು ಸುತ್ತು ಹಾಕಿ. ಕೊನೆಯ ಸಾಲಿನಲ್ಲಿ ‘ಬಿದ್ದ ಸದ್ದನೆ ಕುಡಿದಿದೆ’ ಎಂದು ದಕಾರ ಬೆನ್ನು ಬಿಡದೆ ಬಂದಿದೆ. ಒಂದೇ ವ್ಯಂಜನ ಹೀಗೆ ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ. ಎರಡು ವ್ಯಂಜನಗಳ ಜೋಡಿಯೇ ಅರ್ಥಭೇದದೊಂದಿಗೆ ಮರುಕಳಿಸಿದರೆ ಛೇಕಾನುಪ್ರಾಸ. ಇನ್ನೂ ದೊಡ್ಡ ಅಕ್ಷರಗುಂಪು ಬೇರೆ ಅರ್ಥದಲ್ಲಿ ಬಂದರೆ ಯಮಕ: ‘ಮರಳಿ ಬಂದೆನು ಮರಳಿನ ದಂಡೆಗೆ.’ ಯಮಕಕ್ಕೂ ಶ್ಲೇಷೆಗೂ ವ್ಯತ್ಯಾಸ ಇಷ್ಟೇ. ಯಮಕದಲ್ಲಿ ಪದ ಎರಡು ಸಲ ಬರುತ್ತದೆ, ಶ್ಲೇಷೆಯಲ್ಲಿ ಒಂದೇ ಸಲ ಬಂದು ಎರಡು ಕಡೆ ನೋಡುತ್ತದೆ.

ಪ್ರಾಸ ಕನ್ನಡಕ್ಕೆ ವಿಶೇಷವಾದ ವಿಷಯ. ಹಳೆಯ ಪದ್ಯಗಳಲ್ಲಿ ಪ್ರಾಸ ಇರುತ್ತಿದ್ದದ್ದು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ. ಇದೇ ಆದಿಪ್ರಾಸ. ಅದರ ಹಿಂದಿನ ಅಕ್ಷರ ಹ್ರಸ್ವವಾಗಿದ್ದರೆ ಸಿಂಹಪ್ರಾಸ, ದೀರ್ಘವಾಗಿದ್ದರೆ ಗಜಪ್ರಾಸ, ಬಿಂದು (ಅನುಸ್ವಾರ) ಇದ್ದರೆ ವೃಷಭಪ್ರಾಸ ಎಂದು ಹೀಗೆ ಆರು ಬಗೆಗಳನ್ನು ನಾಗವರ್ಮನ ಛಂದೋಂಬುಧಿ ಹೇಳುತ್ತದೆ. ನಮ್ಮ ಪದ್ಯದ ಎರಡು, ಮೂರು, ನಾಲ್ಕನೆಯ ಸಾಲುಗಳ ಮೊದಲ ಪದಗಳನ್ನು ನೋಡಿ: ನೂರು, ನೀರ, ಊರ. ಎರಡನೆಯ ಅಕ್ಷರ ರಕಾರ, ಹಿಂದಿನದು ದೀರ್ಘ, ಗಜಪ್ರಾಸ. ಏಳನೆಯ ಸಾಲಿನ ‘ಯಾರೊ’ ಕೂಡ ಅದೇ ಸಾಲಿಗೆ ಸೇರುತ್ತದೆ. ಉಳಿದ ಸಾಲುಗಳಲ್ಲಿ ಇಲ್ಲದ್ದರಿಂದ ಹಳೆಯ ಲೆಕ್ಕಿಗರು ಇದನ್ನು ಪಾಸು ಮಾಡುತ್ತಿರಲಿಲ್ಲ. ಆದಿಪ್ರಾಸದ ಕಟ್ಟನ್ನು 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಬಿಟ್ಟುಕೊಟ್ಟರು, ಆಗ ಅದೊಂದು ದೊಡ್ಡ ಚರ್ಚೆಯೇ ಆಗಿತ್ತು. ಈಗ ಆದಿಪ್ರಾಸ ಬಂದರೆ ಕವಿ ಬೇಕೆಂದು ತಂದದ್ದು ಎಂದುಕೊಳ್ಳಬಹುದು.

ಅಂತ್ಯಪ್ರಾಸದ ಬಗ್ಗೆ ಒಂದು ಕಹಿ ಮಾತು. ನೆನಪಿದೆ, ಕಾದಿದೆ, ಕುಡಿದಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ಇಂಥ ಪ್ರಾಸ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ಅಂತ್ಯಪ್ರಾಸ ಎಂದು ಗುರುತಿಸಿ, ಮೆಚ್ಚುಗೆಯನ್ನು ಉಳಿಸಿಕೊಳ್ಳಿ. ಹೆಚ್ಚು ಗಮನಿಸಬೇಕಾದದ್ದು ಆರನೆಯ ಸಾಲು. ‘ಮೆಲ್ಲಗೆ ಇಳಿದಿವೆ’ ಎಂದಿದ್ದರೆ ‘ಇವೆ’ ಪ್ರಾಸ ಸರಾಗವಾಗಿ ಕೂರುತ್ತಿತ್ತು. ಕ್ರಿಯಾಪದ ದಾಟಿ ‘ಮೆಲ್ಲಗೆ’ ಕೊನೆಗೆ ಬಂದಿದೆ, ಪ್ರಾಸ ಮುರಿದಿದೆ, ದನಿ ಅಲ್ಲೇ ಒಂದು ಕ್ಷಣ ಇಳಿಯುತ್ತದೆ. ಪದಕ್ರಮದ ಪಲ್ಲಟವೂ ಅಲಂಕಾರದಷ್ಟೇ ಕೆಲಸ ಮಾಡಬಲ್ಲದು.

ಹಂತ 6: ಮಾತ್ರೆ ಎಣಿಸಿ

ಛಂದಸ್ಸು ಎಂದರೆ ಓಡಿಹೋಗುವವರಿಗೆ ಐದು ನಿಮಿಷದ ನಿಯಮ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಐ ಮತ್ತು ಔ ಸ್ವರದ ಅಕ್ಷರ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. ಸಾಲಿನ ಕೊನೆಯ ಲಘುವನ್ನು ಬೇಕಾದಾಗ ಗುರುವಾಗಿ ಎಣಿಸಬಹುದು.

ಮೊದಲ ಸಾಲು: ಹಗ್ಗ (3), ಉಜ್ಜಿದ (4), ಕಲ್ಲಿ (3), ನಂಚಲಿ (4). ಎರಡನೆಯದು: ನೂರು (3), ಕೈಗಳ (4), ನೆನಪಿ (3), ಕೊನೆಗೆ ‘ದೆ’ ಒಂದು ಗುರು. ಇಂಥ ಒಂದೊಂದು ಮಾತ್ರೆಗಳ ಗುಂಪು ಒಂದು ಗಣ. ಗಣ ವಿಭಾಗ ಪದದ ನಡುವೆ ಕತ್ತರಿಸುವುದನ್ನು ಕಂಡು ಗಾಬರಿಯಾಗಬೇಡಿ, ಅದು ಹಾಗೆಯೇ. ಮೂರು ನಾಲ್ಕು, ಮೂರು ನಾಲ್ಕು ಎಂಬ ಈ ನಡೆ ಭಾಮಿನಿ ಷಟ್ಪದಿಯದು. ಕುಮಾರವ್ಯಾಸ ತನ್ನ ಭಾರತವನ್ನು ಹಾಡಿದ್ದು ಅದರಲ್ಲೇ. ಪೂರ್ಣ ಭಾಮಿನಿಯಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯವು 14 ಮಾತ್ರೆ, ಮೂರು ಮತ್ತು ಆರನೆಯವು 23 ಮಾತ್ರೆ. ನಮ್ಮ ಪದ್ಯ ಆ ನಡೆಯನ್ನಷ್ಟೇ ಸಾಲ ಪಡೆದಿದೆ, ಷಟ್ಪದಿಯಲ್ಲ.

ಎಣಿಸುವುದು ಯಾಕೆ? ಎಲ್ಲಿ ಬದಲಾಗುತ್ತದೆ ಎಂದು ತಿಳಿಯಲು. ‘ತರಗೆಲೆ ತಳಕೆ ಇಳಿದಿವೆ’ ಎಂಬಲ್ಲಿ ಸತತವಾಗಿ ಹನ್ನೊಂದು ಲಘುಗಳಿವೆ, ಎಲ್ಲೂ ತಡೆ ಇಲ್ಲ. ‘ಮೆಲ್ಲಗೆ’ಯ ‘ಮೆ’ ಬಂದ ಮೇಲೇ ಗುರು. ಮೊದಲ ಸಾಲಿನಲ್ಲಿ ಇದಕ್ಕೆ ವಿರುದ್ಧ, ಗ್ಗ, ಜ್ಜಿ, ಲ್ಲಿ ಎಂದು ಒತ್ತಕ್ಷರಗಳು ಹೆಜ್ಜೆಹೆಜ್ಜೆಗೂ ತಡೆಯುತ್ತವೆ. ಒಂದು ಕಡೆ ಹಗ್ಗ ಕಲ್ಲಿಗೆ ಉಜ್ಜುತ್ತಿದೆ, ಇನ್ನೊಂದು ಕಡೆ ಎಲೆ ಹಗುರಾಗಿ ಬೀಳುತ್ತಿದೆ. ಇಂಥ ಹೊಂದಾಣಿಕೆ ಕಂಡಾಗ ಹೇಳಿ, ಆದರೆ ಪ್ರತಿ ಸಾಲಿನಲ್ಲೂ ಹುಡುಕಲು ಹೋಗಬೇಡಿ. ‘ದ ಅಕ್ಷರ ದುಃಖವನ್ನು ಸೂಚಿಸುತ್ತದೆ’ ಎಂಬ ಬಗೆಯ ವ್ಯಾಖ್ಯಾನಕ್ಕೆ ತಳವಿಲ್ಲ.

ಹಂತ 7: ಹೇಳದೆ ಉಳಿದದ್ದನ್ನು ಕೇಳಿ

ಕೊನೆಯ ಸಾಲಿಗೆ ಪರೀಕ್ಷೆ ಹಚ್ಚೋಣ. ‘ಬಿದ್ದ ಸದ್ದನೆ ಕುಡಿದಿದೆ’ ಬದಲು ‘ಸದ್ದು ಕೇಳದೆ ಹೋಗಿದೆ’ ಎಂದಿಡಿ. ನಡೆದ ಘಟನೆ ಒಂದೇ: ಕಲ್ಲು ಬಿತ್ತು, ಮೇಲೆ ಕೇಳಿಸಲಿಲ್ಲ. ‘ಕುಡಿದಿದೆ’ ಎಂದಾಗ ಮಾತ್ರ ಇನ್ನೊಂದು ಸಂಗತಿ ಎದ್ದು ನಿಲ್ಲುತ್ತದೆ: ಬಾವಿಗೇ ಬಾಯಾರಿದೆ. ಎಲ್ಲರ ಬಾಯಾರಿಕೆ ನೀಗಿದ್ದು ಈಗ ಸಿಕ್ಕಿದ್ದನ್ನು, ಸದ್ದಾದರೂ ಸರಿ, ಕುಡಿಯುವ ಸ್ಥಿತಿಗೆ ಬಂದಿದೆ. ಬಾಯಾರಿಕೆ ಎಂಬ ಪದವಾಗಲಿ, ಅಯ್ಯೋ ಎಂಬ ಉದ್ಗಾರವಾಗಲಿ ಪದ್ಯದಲ್ಲಿಲ್ಲ. ಹೀಗೆ ವಾಚ್ಯವಲ್ಲದೆ ಹೊಳೆಯುವ ಅರ್ಥವೇ ಧ್ವನಿ. ಕಾಶ್ಮೀರದ ಆನಂದವರ್ಧನ 9ನೆಯ ಶತಮಾನದಲ್ಲಿ ಧ್ವನಿಯೇ ಕಾವ್ಯದ ಆತ್ಮ ಎಂದು ವಾದಿಸಿದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗ ಶಬ್ದಾಲಂಕಾರಕ್ಕೊಂದು, ಅರ್ಥಾಲಂಕಾರಕ್ಕೊಂದು ಇಡೀ ಪರಿಚ್ಛೇದವನ್ನೇ ಕೊಟ್ಟಿತು. ಧ್ವನಿ, ಅಲಂಕಾರ ಇವೆರಡರಲ್ಲಿ ಯಾವುದು ಮೇಲು ಎಂಬ ಜಗಳ ಓದುಗನಿಗೆ ಬೇಕಿಲ್ಲ. ನಮ್ಮ ಪದ್ಯದಲ್ಲೇ ಕಂಡಂತೆ ಅಲಂಕಾರದ ಬೆನ್ನ ಮೇಲೆ ಕೂತೇ ಧ್ವನಿ ಬರುತ್ತದೆ.

ನೀರು ಕೊಡಬೇಕಾದದ್ದೇ ಬಾಯಾರುವ ಈ ತಿರುವಿನಲ್ಲಿ ವೈರುಧ್ಯವೂ ಇದೆ. ಆದರೆ ಇದನ್ನು ವಿರೋಧಾಭಾಸ ಅಲಂಕಾರ ಎಂದು ಬರೆಯುವ ಮುನ್ನ ಯೋಚಿಸಿ. ಅಲ್ಲಿ ವಿರೋಧ ಮಾತಿನ ಮೇಲ್ಮೈಯಲ್ಲೇ ಕಾಣಬೇಕು, ಅರ್ಥ ಬಿಡಿಸಿದಾಗ ಕರಗಬೇಕು. ಇಲ್ಲಿನದು ಪರಿಸ್ಥಿತಿಯ ವ್ಯಂಗ್ಯ.

ಇನ್ನು ಪ್ರತಿಮೆ ಮತ್ತು ಸಂಕೇತ. ಇಂದ್ರಿಯಗಳಿಗೆ ತಾಗುವ ಹಾಗೆ ಕಟ್ಟಿದ ಚಿತ್ರ ಪ್ರತಿಮೆ: ಗೀರು ಬಿದ್ದ ಕಲ್ಲು, ಇಳಿಯುವ ಎಲೆ. ಆ ಚಿತ್ರ ತನ್ನಾಚೆಗಿನ ಯಾವುದಕ್ಕೋ ನಿಂತರೆ ಸಂಕೇತ. ಈ ಬಾವಿ ಮಕ್ಕಳು ದೂರವಾದ ಮುದಿ ಜೀವ ಎಂದು ಓದಬಹುದೇ? ಓದಬಹುದು; ಸೇವೆ ಪಡೆದ ಕೈಗಳು, ಬತ್ತಿದ ಕಣ್ಣು, ದಾರಿ ಕಾಯುವುದು, ಯಾರೋ ಸುಮ್ಮನೆ ಎಸೆದ ಕಲ್ಲನ್ನೂ ಮಾತೆಂದು ಹೀರಿಕೊಳ್ಳುವುದು, ನಾಲ್ಕೂ ಕಡೆ ಪದ್ಯ ಒತ್ತಾಸೆ ಕೊಡುತ್ತದೆ. ಇದು ಅಳಿಯುತ್ತಿರುವ ಸಂಸ್ಕೃತಿಯ ಸಂಕೇತ ಎಂದರೆ? ನಾನು ಒಪ್ಪುವುದಿಲ್ಲ. ಆ ಓದಿಗೆ ಪದ್ಯದ ಒಂದು ಪದವೂ ಸಾಕ್ಷಿ ಹೇಳುವುದಿಲ್ಲ, ಓದುಗನೇ ಹೊರಗಿನಿಂದ ಹೊತ್ತು ತಂದದ್ದು. ಸಂಕೇತ ಎನ್ನಲು ಕನಿಷ್ಠ ಎರಡು ಮೂರು ಸಾಲುಗಳ ಬೆಂಬಲ ಬೇಕೆಂಬ ಕಟ್ಟುಪಾಡನ್ನು ನೀವೇ ಹಾಕಿಕೊಳ್ಳಿ.

ಹಂತ 8: ಬರೆಯಿರಿ

ಪರೀಕ್ಷೆಗಾಗಲಿ, ಲೇಖನಕ್ಕಾಗಲಿ, ಒಂದು ಅಲಂಕಾರದ ಬಗ್ಗೆ ಬರೆಯುವಾಗ ಮೊದಲು ಸಾಲನ್ನು ಕೊಡಿ, ಆಮೇಲೆ ಹೆಸರು, ಆಮೇಲೆ ಲಕ್ಷಣ ಹೇಗೆ ಹೊಂದುತ್ತದೆ ಎಂಬ ಸಮನ್ವಯ, ಕೊನೆಗೆ ಅದರಿಂದ ಪದ್ಯಕ್ಕಾದ ಲಾಭ. ಬಹುತೇಕರು ಮೂರಕ್ಕೆ ನಿಲ್ಲಿಸುತ್ತಾರೆ. ‘ಈ ಅಲಂಕಾರದಿಂದ ಪದ್ಯದ ಸೌಂದರ್ಯ ಹೆಚ್ಚಿದೆ’ ಎಂಬ ವಾಕ್ಯವನ್ನು ನಾಲ್ಕನೆಯದೆಂದು ಲೆಕ್ಕಿಸಬೇಡಿ. ಅದನ್ನು ಯಾವ ಪದ್ಯದ ಕೆಳಗೆ ಬೇಕಾದರೂ ಅಂಟಿಸಬಹುದು. ‘ಕಣ್ಣು ಎಂಬ ಶ್ಲೇಷೆಯಿಂದ ಬತ್ತಿದ ಒರತೆಯೂ ಕಾಯುವ ನೋಟವೂ ಒಂದಾಗಿ ಮುಂದಿನ ಸಾಲಿನ ಕಾಯುವಿಕೆಗೆ ಆಧಾರ ಸಿಕ್ಕಿದೆ’ ಎಂದು ಬರೆದರೆ ಅದು ಈ ಪದ್ಯಕ್ಕೆ ಮಾತ್ರ ಸಲ್ಲುತ್ತದೆ.

ಛಂದಸ್ಸಿಲ್ಲದ ನವ್ಯದ ನಂತರದ ಕವಿತೆಗೂ ಇದೇ ಕ್ರಮ ನಡೆಯುತ್ತದೆ, ಹಂತ 6ರಲ್ಲಿ ಮಾತ್ರ ಮಾತ್ರೆಯ ಬದಲು ಸಾಲು ಮುರಿದ ಜಾಗಗಳನ್ನು ನೋಡಿ. ನಿಮ್ಮ ಅಭ್ಯಾಸಕ್ಕೆ ಒಂದು:

ಅವನು ಬಿಟ್ಟುಹೋದ ಚಪ್ಪಲಿ
ಬಾಗಿಲ ಬಳಿ
ಮುಖ ಹೊರಗೆ ಮಾಡಿ
ಕುಳಿತಿದೆ.

ವಾಚಕವಿಲ್ಲ, ಪ್ರಾಸವಿಲ್ಲ, ಕಷ್ಟದ ಪದವೂ ಇಲ್ಲ. ಕ್ರಿಯಾಪದಗಳಿಂದ ಶುರು ಮಾಡಿ. ಚಪ್ಪಲಿ ಯಾರ ಬದಲಿಗೆ ನಿಂತಿದೆ, ‘ಮುಖ’ಕ್ಕೆ ಇಲ್ಲಿ ಎಷ್ಟು ಅರ್ಥ, ಕೊನೆಯ ಪದಕ್ಕೆ ಒಂದು ಇಡೀ ಸಾಲು ಯಾಕೆ ಎಂದು ಕೇಳಿ. ಆಮೇಲೆ ‘ಕುಳಿತಿದೆ’ ತೆಗೆದು ‘ಇದೆ’ ಎಂದು ಹಾಕಿ ಓದಿ. ಅದನ್ನು ಹಿಂದಕ್ಕೆ ತಂದು, ಈ ಸಲ ಮೂರನೆಯ ಸಾಲನ್ನು ಬೆರಳಲ್ಲಿ ಮುಚ್ಚಿ ಓದಿ. ಎರಡು ಸಲವೂ ಏನು ಹೋಯಿತು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆದಿಟ್ಟುಕೊಂಡು, ಅದರ ಪಕ್ಕದಲ್ಲಿ ಹೆಸರು ಹಾಕಿ.